ಹಲ್ಲಿನ ಕ್ಲಿಪ್ ತೆಗೆದ ಬಳಿಕ

ಓರೆಕೋರೆಯಾದ ಹಲ್ಲುಗಳನ್ನು ಸರಿಪಡಿಸಲು ಕ್ಲಿಪ್ ಹಾಕಿಸಿಕೊಂಡ ಮಕ್ಕಳು ಶಾಲೆಗಳಲ್ಲಿ ಈಗ ಅಪರೂಪವಲ್ಲ. ಒಂದೂವರೆ, ಎರಡು ವರ್ಷ ತಂತಿಯ ಬಿಗಿತವನ್ನು ಸಹಿಸಿ, ಮತ್ತೆ ಮತ್ತೆ ಪೇಟೆಯ ಆಸ್ಪತ್ರೆಗೆ ಓಡಾಡಿ, ಹೆತ್ತವರು ಸಾವಿರಾರು ರೂಪಾಯಿ ಖರ್ಚುಮಾಡಿದ ಮೇಲೆ ಒಂದು ದಿನ ತಂತಿಯನ್ನು ಕಳಚುತ್ತಾರೆ. ಚಿಕಿತ್ಸೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಅದು ಮುಗಿದಿರುವುದಿಲ್ಲ. ವೈದ್ಯರು ಕೊಡುವ ‘ರಿಟೇನರ್’ ಎಂಬ ಚಿಕ್ಕ ಸಾಧನವನ್ನು ಧರಿಸದಿದ್ದರೆ ಹಲ್ಲುಗಳು ಮೆಲ್ಲನೆ ಹಳೆಯ ಜಾಗದತ್ತ ಸರಿಯುತ್ತವೆ. ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

ಹಲ್ಲು ಹೀಗೆ ಮರಳುವುದೇಕೆ? ಗೋಡೆಗೆ ಮೊಳೆ ಹೊಡೆದಂತೆ ಹಲ್ಲು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಸೂಕ್ಷ್ಮ ನಾರುಗಳ ಪದರವೊಂದಿದೆ. ತಂತಿಯ ಒತ್ತಡಕ್ಕೆ ಒಂದು ಬದಿಯ ಎಲುಬು ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಕಟ್ಟುತ್ತದೆ. ಹಲ್ಲು ಸರಿಯುವುದು ಹೀಗೆ. ಬೇರಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು 3ರಿಂದ 4 ತಿಂಗಳು ಬೇಕು. ವಸಡಿನಲ್ಲಿರುವ ರಬ್ಬರಿನಂತಹ ನಾರುಗಳಿಗೆ ಸುಮಾರು ಒಂದು ವರ್ಷವೇ ಹಿಡಿಯಬಹುದು. ಹೊಸದಾಗಿ ನೆಟ್ಟ ಸಸಿಗೆ ಬೇರೂರುವ ತನಕ ಕೋಲು ಕಟ್ಟುತ್ತೇವಲ್ಲವೆ? ರಿಟೇನರಿನ ಕೆಲಸವೂ ಅದೇ.

ಅಮೆರಿಕದ ದಂತವೈದ್ಯ ಚಾರ್ಲ್ಸ್ ಹಾಲಿ 1919ರಲ್ಲಿ ವಿವರಿಸಿದ ಮಾದರಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಅಂಗುಳಿಗೆ ಹೊಂದುವ ತಟ್ಟೆಯೂ ಮುಂದಿನ ಹಲ್ಲುಗಳನ್ನು ಹಿಡಿದಿಡುವ ತಂತಿಯೂ ಇರುತ್ತವೆ. ಹಲ್ಲಿನ ಮೇಲೆ ಕವಚದಂತೆ ಕೂರುವ ಪಾರದರ್ಶಕ ಪ್ಲಾಸ್ಟಿಕ್‌ನದು ಇನ್ನೊಂದು ಬಗೆ. ಮೊದಲ ಕೆಲವು ತಿಂಗಳು ಊಟದ ಮತ್ತು ಹಲ್ಲುಜ್ಜುವ ಹೊತ್ತನ್ನು ಬಿಟ್ಟು ಹಗಲಿರುಳೂ, ಅನಂತರ ರಾತ್ರಿ ಮಾತ್ರ ಧರಿಸಬೇಕೆಂದು ಹಲವು ವೈದ್ಯರು ಹೇಳುತ್ತಾರೆ. ಕೆಲವರಿಗೆ ಆರಂಭದಿಂದಲೇ ರಾತ್ರಿ ಮಾತ್ರ ಸಾಕಾಗುತ್ತದೆ. ಆದುದರಿಂದ ನೆರೆಮನೆಯ ಹುಡುಗನ ಲೆಕ್ಕವನ್ನು ನೋಡದೆ ನಿಮ್ಮ ವೈದ್ಯರು ಹೇಳಿದಂತೆ ನಡೆಯಿರಿ. ಬೆಳೆಯುವ ವಯಸ್ಸಿನಲ್ಲಿ, ಆಮೇಲೂ, ಹಲ್ಲುಗಳು ಸ್ವಲ್ಪ ಸ್ವಲ್ಪ ಸರಿಯುತ್ತಲೇ ಇರುವುದರಿಂದ ರಾತ್ರಿಯ ಅಭ್ಯಾಸವನ್ನು ವರ್ಷಗಟ್ಟಲೆ ಮುಂದುವರಿಸಬೇಕಾಗಬಹುದು.

ವಿದ್ಯಾರ್ಥಿಗಳೇ, ಮೊದಲ ಕೆಲವು ದಿನ ಬಾಯಲ್ಲಿ ನೀರೂರುತ್ತದೆ. ‘ಸ’, ‘ಶ’ ಅಕ್ಷರಗಳು ತೊದಲುತ್ತವೆ. ನಾಚಬೇಡಿ. ಮನೆಯಲ್ಲಿ ಪಾಠವನ್ನು ಗಟ್ಟಿಯಾಗಿ ಓದಿದರೆ ನಾಲಗೆ ಬೇಗ ಪಳಗುತ್ತದೆ. ಊಟಕ್ಕೆ ಕುಳಿತಾಗ ರಿಟೇನರನ್ನು ಕಾಗದದಲ್ಲಿ ಸುತ್ತಿಡಬೇಡಿ. ಎಂಜಲೆಲೆಯೊಡನೆ ಅದೂ ಕಸದ ಗುಂಡಿಗೆ ಸೇರೀತು. ಹೆಸರು ಬರೆದ ಡಬ್ಬಿಯಲ್ಲೇ ಇಡಿ. ಮೆತ್ತನೆಯ ಬ್ರಷ್‌ನಿಂದ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ತಾಗಿದರೆ ಅದರ ಆಕಾರ ಕೆಡುತ್ತದೆ.

ಹೆತ್ತವರು ದಿನವಿಡೀ ಗದರಿಸುವುದರಿಂದ ಪ್ರಯೋಜನವಿಲ್ಲ. ರಾತ್ರಿ ಹಲ್ಲುಜ್ಜಿದೊಡನೆ ರಿಟೇನರ್ ಹಾಕಿಕೊಳ್ಳುವ ಕ್ರಮವನ್ನು ರೂಢಿಮಾಡಿಸಿ. ಹಾಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಮಗುವೇ ಗುರುತು ಹಾಕಲಿ. ಮಗು ಧರಿಸಲು ಒಪ್ಪದಿದ್ದರೆ ಎಲ್ಲಿ ಚುಚ್ಚುತ್ತದೆ, ಯಾರು ಗೇಲಿಮಾಡಿದರು ಎಂದು ಮೊದಲು ಕೇಳಿ. ಚುಚ್ಚುವ ತಂತಿಯನ್ನು ಮನೆಯಲ್ಲಿ ಬಗ್ಗಿಸಬೇಡಿ. ಕೆಲವು ದಿನ ಬಿಟ್ಟುಹೋಗಿ ರಿಟೇನರ್ ಕೂರದಿದ್ದರೆ, ಮುರಿದರೆ ಅಥವಾ ಕಳೆದುಹೋದರೆ, ಮುಂದಿನ ರಜೆಯವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಕಳೆದುಕೊಂಡೆನೆಂದು ಹೇಳಲು ಮಗು ಹೆದರದಂತಿದ್ದರೆ ಹೊಸ ರಿಟೇನರ್ ಒಂದರ ಖರ್ಚಿನಲ್ಲೇ ಮುಗಿಯುತ್ತದೆ. ಹೆದರಿ ಮುಚ್ಚಿಟ್ಟರೆ ಮತ್ತೊಮ್ಮೆ ಕ್ಲಿಪ್ ಹಾಕಿಸಬೇಕಾದೀತು.