ಹದಿನೈದು ಮೊಟ್ಟೆ, ಹದಿನೈದು ಡಬ್ಬಿ

ಕಾವಿಗೆ ಕೂತ ಕೋಳಿ ದಿನಕ್ಕೆ ಎಷ್ಟೋ ಸಲ ಮೊಟ್ಟೆಗಳನ್ನು ಹೊರಳಿಸುತ್ತಿರುತ್ತದೆ. ಹಾವಿನ ಮೊಟ್ಟೆಗೆ ಅದೇ ಉಪಚಾರ ಮಾಡಿದರೆ ಮರಿ ಒಳಗೇ ಸಾಯಬಹುದು. ಇಟ್ಟ ಸ್ವಲ್ಪ ಹೊತ್ತಿಗೇ ಭ್ರೂಣ ಮೊಟ್ಟೆಯ ಒಳಗೋಡೆಗೆ ಅಂಟಿಕೊಳ್ಳುವುದರಿಂದ, ಅದು ಹೇಗೆ ಬಿದ್ದಿತ್ತೋ ಹಾಗೇ ಇರಬೇಕು. ಅದಕ್ಕೇ ಅಮೆರಿಕದಲ್ಲಿ ಹಾವು ಸಾಕುವವರು ಮೊಟ್ಟೆ ಎತ್ತುವ ಮೊದಲು ಪೆನ್ಸಿಲ್ ಹಿಡಿದು ಒಂದೊಂದರ ನೆತ್ತಿಗೂ ಗುರುತು ಹಾಕುತ್ತಾರೆ.

ಮೊದಲ ಸಲ ಮರಿ ಮಾಡಿಸಲು ಹೊರಡುವವರು ಅಲ್ಲಿ ಹೆಚ್ಚಾಗಿ ಆರಿಸಿಕೊಳ್ಳುವುದು ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ರಾಜ್ಯಗಳ ಹಾವು, ವಿಷವಿಲ್ಲ, ನಮ್ಮ ಕೇರೆಹಾವಿನ ದೂರದ ನೆಂಟ. ಹೊಟ್ಟೆಯ ಮೇಲಿನ ಕಪ್ಪುಬಿಳುಪು ಚೌಕಳಿ ಬಣ್ಣಬಣ್ಣದ ಮೆಕ್ಕೆಜೋಳದ ತೆನೆಯಂತಿದೆ ಎಂದು ಈ ಹೆಸರು ಬಂತೆನ್ನುತ್ತಾರೆ ಕೆಲವರು. ಮೆಕ್ಕೆಜೋಳದ ಕಣಜಕ್ಕೆ ಇಲಿ ಹುಡುಕಿಕೊಂಡು ಬರುತ್ತಿದ್ದುದರಿಂದ ಎನ್ನುತ್ತಾರೆ ಇನ್ನು ಕೆಲವರು.

ಈ ಹವ್ಯಾಸದ ಬೇರು ಹುಡುಕಿದರೆ ಸಿಗುವವರು ಒಬ್ಬ ಚರ್ಮವೈದ್ಯರು. ಜಾರ್ಜಿಯಾ ರಾಜ್ಯದ ವಾಲ್ಡೋಸ್ಟಾದ ಡಾ. ಬರ್ನಾರ್ಡ್ ಬೆಕ್ಟೆಲ್ ಅವರು ಕಪ್ಪು ಬಣ್ಣವೇ ಇಲ್ಲದ, ಕೆಂಗಣ್ಣಿನ ಕಾರ್ನ್ ಸ್ನೇಕ್‌ನಿಂದ ಮರಿ ಮಾಡಿಸಿದರು. ಸಾಮಾನ್ಯ ಬಣ್ಣದ ಸಂಗಾತಿಯೊಂದಿಗೆ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಕೆಂಗಣ್ಣಿನವು ಹುಟ್ಟುವುದಿಲ್ಲ. ಆ ಮರಿಗಳನ್ನೇ ಪರಸ್ಪರ ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಅಜ್ಜನ ಬಣ್ಣ ಹೊತ್ತು ಬರುತ್ತದೆ. ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡ ಲೆಕ್ಕವೇ. ಗಂಡಹೆಂಡಿರಿಬ್ಬರ ಹೆಸರಿನಲ್ಲಿ 1962ರಲ್ಲಿ ‘ಕೋಪಿಯಾ’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇವತ್ತಿನ ಮಾರುಕಟ್ಟೆಯ ಬಿಳಿ, ಗುಲಾಬಿ, ಬೂದು, ಪಟ್ಟೆಪಟ್ಟೆ ಹಾವುಗಳ ಹಿಂದೆಲ್ಲ ಇರುವುದು ಇಂಥದೇ ಲೆಕ್ಕಾಚಾರ.

ಕೂಡಿಸುವುದು ದೊಡ್ಡ ವಿದ್ಯೆಯೇನಲ್ಲ. ಹೆಣ್ಣಿಗೆ ಮೂರು ವರ್ಷ, ಮೂರು ಅಡಿ, 300 ಗ್ರಾಂ ತುಂಬಿರಲಿ ಎಂಬುದು ಅನುಭವಿಗಳ ಮಾತು. ಎಳೆಯ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರಬಹುದು. ಚಳಿಗಾಲದಲ್ಲಿ ಎರಡು ಮೂರು ತಿಂಗಳು ತಣ್ಣಗಿನ ಕತ್ತಲೆಯಲ್ಲಿ ಇಡುತ್ತಾರೆ. ಹೊಸಬರು ಎಡವುವುದು ಇಲ್ಲಿ: ತಂಪಿಗಿಡುವ ಎರಡು ವಾರ ಮೊದಲೇ ಆಹಾರ ನಿಲ್ಲಿಸಬೇಕು. ಮೈ ತಣ್ಣಗಾದರೆ ಹಾವಿಗೆ ಜೀರ್ಣಶಕ್ತಿ ಇರುವುದಿಲ್ಲ, ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ವಸಂತದಲ್ಲಿ ಬೆಚ್ಚಗಾಗಿ, ಹೆಣ್ಣು ಪೊರೆ ಬಿಟ್ಟ ಮೇಲೆ ಗಂಡನ್ನು ಜೊತೆಗೆ ಬಿಟ್ಟರಾಯಿತು. ಮೊಟ್ಟೆ ಇಡುವ ಸುಮಾರು ಹತ್ತು ದಿನ ಮುಂಚೆ ಹೆಣ್ಣು ಇನ್ನೊಮ್ಮೆ ಪೊರೆ ಬಿಡುತ್ತದೆ. ಒದ್ದೆ ಪಾಚಿ ತುಂಬಿದ ಡಬ್ಬಿ ಆಗ ಸಿದ್ಧವಿರಬೇಕು. ಇಲ್ಲದಿದ್ದರೆ ಅದು ನೀರಿನ ಬಟ್ಟಲಲ್ಲೇ ಮೊಟ್ಟೆಯಿಟ್ಟು ಕೈ ತೊಳೆದುಕೊಂಡುಬಿಡಬಹುದು. ಹಾವಿಗೆ ಕೈಯಿಲ್ಲ ಎಂಬುದು ಬೇರೆ ಮಾತು.

ಆಮೇಲೆ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡು ತಿಂಗಳ ಕಾಯುವಿಕೆ. ಕೊನೆಗೆ, ಉಬ್ಬಿಕೊಂಡಿದ್ದ ಮೊಟ್ಟೆಗಳು ತಟ್ಟನೆ ನಗ್ಗುತ್ತವೆ. ಕೆಟ್ಟೇಹೋಯಿತು ಎಂದು ಗಾಬರಿಯಾಗಿ ಕತ್ತರಿ ಹುಡುಕುವವರಿದ್ದಾರೆ. ಅದು ಮರಿ ಹೊರಡುವ ಸೂಚನೆ. ಮೂತಿಯ ತುದಿಯ ಪುಟ್ಟ ಹಲ್ಲಿನಿಂದ ಅದು ತೊಗಲಿನಂಥ ಸಿಪ್ಪೆಯನ್ನು ಸೀಳುತ್ತದೆ. ಸೀಳಿನಿಂದ ಲೋಳೆ ಒಸರುತ್ತದೆ, ಬೆಂಕಿಕಡ್ಡಿಯ ತಲೆಗಿಂತ ತುಸು ದೊಡ್ಡ ಮೂತಿಯೊಂದು ಹೊರಗಿಣುಕುತ್ತದೆ, ನಾಲಗೆ ಚಾಚುತ್ತದೆ. ಯಾರಾದರೂ ಬಗ್ಗಿ ನೋಡಿದರೆ ಸರಕ್ಕನೆ ಒಳಕ್ಕೆ. ಉಳಿದ ಹಳದಿ ಭಂಡಾರವನ್ನು ಹೀರಿ ಮುಗಿಸುವವರೆಗೆ, ಒಂದೆರಡು ದಿನ, ಇದೇ ಆಟ.

ನಿಜವಾದ ಪರೀಕ್ಷೆ ಶುರುವಾಗುವುದು ಮರಿಗಳು ಹೊರಬಂದ ಮೇಲೆ. ಹದಿನೈದು ಮರಿಯೆಂದರೆ ಹದಿನೈದು ಡಬ್ಬಿ, ನೀರಿಡಲು ಹದಿನೈದು ಮುಚ್ಚಳ. ಒಟ್ಟಿಗಿಟ್ಟರೆ ಒಂದು ಇನ್ನೊಂದನ್ನು ನುಂಗುವ ಸಂಭವವಿದೆ. ವಾರಕ್ಕೆ ಒಂದೋ ಎರಡೋ ಸಲ ಹದಿನೈದು ಕೂಸಿಲಿ, ಅಂದರೆ ಆಗತಾನೆ ಹುಟ್ಟಿದ ಇಲಿಮರಿ. ತಗಲುವ ಖರ್ಚಿಗೂ ಸಾಮಾನ್ಯ ಬಣ್ಣದ ಮರಿಗೆ ಸಿಗುವ ಬೆಲೆಗೂ ತಾಳೆಯಾಗುವುದು ಅಪರೂಪ. ಜೋಡಿ ಕೂಡಿಸುವ ಮೊದಲೇ ಕೊಳ್ಳುವವರ ಪಟ್ಟಿ ಬರೆದಿಟ್ಟುಕೊಳ್ಳದವರ ಮನೆಯಲ್ಲಿ ಮುಂದಿನ ಬೇಸಿಗೆಗೂ ಡಬ್ಬಿಗಳ ಗೋಪುರ ಹಾಗೇ ಇರುತ್ತದೆ.

ನಮ್ಮಲ್ಲಿ ಈ ಕಥೆಗೆ ಕಾನೂನಿನ ಮುಖವೂ ಇದೆ. ಕೇರೆಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಂಡರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ಹಾವುಗಳ ವಿಷಯದಲ್ಲಿ 2022ರ ತಿದ್ದುಪಡಿ ಬಂದಿದೆ: ಆಫ್ರಿಕಾದ ಬಾಲ್ ಪೈಥಾನ್‌ನಂತೆ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೂ ಸತ್ತರೂ ತಿಳಿಸಬೇಕು. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಕಳ್ಳದಾರಿಯಂತೂ ನಿಂತಿಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನ ಪೆಟ್ಟಿಗೆಯಲ್ಲಿ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು ಹತ್ತು ಹಳದಿ ಅನಕೊಂಡಾ.

ಮತ್ತೆ ಡಬ್ಬಿಗಳ ಹತ್ತಿರ ಬಂದರೆ, ಹುಟ್ಟಿ ವಾರ ಹತ್ತು ದಿನದಲ್ಲಿ ಮರಿಗಳು ಮೊದಲ ಪೊರೆ ಬಿಡುತ್ತವೆ. ಆಮೇಲೆ ಮೊದಲ ಊಟ. ಹದಿನೈದರಲ್ಲಿ ಎರಡು ಮೂರಾದರೂ ಮೂತಿ ತಿರುಗಿಸುತ್ತವೆ. ಕಾಡಿನ ಮರಿಗೆ ಮೊದಲ ತುತ್ತು ಬಹಳ ಸಲ ಪುಟ್ಟ ಹಲ್ಲಿ, ಇಲಿಯಲ್ಲ. ಪಳಗಿದವರು ಕೂಸಿಲಿಯನ್ನು ಸೋಪಿಲ್ಲದ ನೀರಲ್ಲಿ ತೊಳೆದು, ಹಲ್ಲಿ ಕಳಚಿದ ಚರ್ಮಕ್ಕೆ ಉಜ್ಜಿ, ಡಬ್ಬಿಯೊಳಗಿಟ್ಟು, ಮೇಲೆ ಬಟ್ಟೆ ಮುಚ್ಚಿ ದೀಪ ಆರಿಸುತ್ತಾರೆ. ಬೆಳಿಗ್ಗೆ ಬಟ್ಟೆ ಸರಿಸಿದಾಗ ಇಲಿ ಕಾಣುವುದಿಲ್ಲ. ಪೆನ್ಸಿಲ್ ದಪ್ಪದ ಮೈಯ ನಡುವೆ ಕಡಲೆಕಾಯಿಯಷ್ಟು ಉಬ್ಬು. ಪಕ್ಕದ ಡಬ್ಬಿಯಲ್ಲಿ ಇಲಿ ಇಟ್ಟಲ್ಲೇ ಇದೆ.