ಇಳಿದ ತೂಕ ಇಳಿದೇ ಇರಬೇಕಾದರೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಆ ಗಾದೆ ಹುಟ್ಟಿದ ಕಾಲದಲ್ಲಿ ಉಂಡವರು ಎದ್ದು ಹೊಲಕ್ಕೆ ಹೋಗುತ್ತಿದ್ದರು. ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ನೆಲೆಸಿರುವ ನಾವು ಅದೇ ಅನ್ನ, ಹುಳಿ, ಪಲ್ಯ, ಹಬ್ಬವಾದರೆ ಮೇಲೆರಡು ಹೋಳಿಗೆ ಉಂಡು, ಗ್ಯಾರೇಜಿನಲ್ಲೇ ಕಾರು ಹತ್ತಿ ಕಚೇರಿಯ ಕುರ್ಚಿಯಲ್ಲಿ ಇಳಿಯುತ್ತೇವೆ. ಹಾಗೆಂದು ನಮ್ಮವರು ತೂಕ ಇಳಿಸುವುದಿಲ್ಲ ಎಂದಲ್ಲ. ಹೊಸ ವರ್ಷದ ಶಪಥದಲ್ಲಿ 5 ಕೆಜಿ ಇಳಿಸಿ, ದೀಪಾವಳಿಯ ಹೊತ್ತಿಗೆ 6 ಕೆಜಿ ಏರಿಸಿಕೊಂಡವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಇಳಿಸಿದ್ದು ಮತ್ತೆ ಏಕೆ ಏರುತ್ತದೆ, ಅದರಲ್ಲಿ ವೈದ್ಯರ ಪಾತ್ರವೇನು ಎಂಬುದೇ ಈ ಲೇಖನದ ವಿಷಯ. ನಾವು ವೈದ್ಯರಲ್ಲ, ಸಾಫ್ಟ್‌ವೇರ್ ಕೆಲಸದವರು. ಓದಿ, ಕೇಳಿ ತಿಳಿದದ್ದನ್ನು ಹಂಚಿಕೊಳ್ಳುತ್ತಿದ್ದೇವೆ, ಅಷ್ಟೆ.

ಮೊದಲು ಅಳತೆಯ ಮಾತು. ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. ಇಲ್ಲಿನ ಸಾಮಾನ್ಯ ಪಟ್ಟಿಯಲ್ಲಿ 25 ದಾಟಿದರೆ ಹೆಚ್ಚು ತೂಕ. ಆದರೆ ಏಷ್ಯಾದವರಿಗೆ 23ರಿಂದಲೇ ಅಪಾಯ ಏರತೊಡಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ತಿಳಿಸಿದ್ದಾರೆ. 170 ಸೆಂ.ಮೀ. ಎತ್ತರದ, 70 ಕೆಜಿ ತೂಕದ ನಮ್ಮ ಸ್ನೇಹಿತರೊಬ್ಬರು ಇದ್ದಾರೆನ್ನಿ. ಅವರ ಲೆಕ್ಕ 24.2. ಪಕ್ಕದ ಮನೆಯ ಆಸ್ಟ್ರೇಲಿಯನ್ನರಿಗೆ ಅದು ‘ನಾರ್ಮಲ್’, ನಮ್ಮವರಿಗೆ ಎಚ್ಚರಿಕೆಯ ಗಂಟೆ.

ಈ ತಾರತಮ್ಯಕ್ಕೆ ಕಾರಣವಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2! ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮ ಜನರ ಮೈಕಟ್ಟೇ ಹಾಗೆ. ಆದ್ದರಿಂದ ತಕ್ಕಡಿಗಿಂತ ಟೇಪು ಮುಖ್ಯ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು ಅಳೆಯಿರಿ. ದಕ್ಷಿಣ ಏಷ್ಯಾದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ಊರಿಗೆ ಹೋದಾಗ ಅಮ್ಮ ‘ಮೈ ತುಂಬಿಕೊಂಡಿದ್ದೀಯ’ ಎಂದು ಸಂತೋಷಪಟ್ಟರೆ, ಅದನ್ನು ಟೇಪಿನ ಹತ್ತಿರ ಇನ್ನೊಮ್ಮೆ ಕೇಳುವುದು ಒಳ್ಳೆಯದು.

ಇನ್ನು, ಇಳಿದದ್ದು ಏರುವುದೇಕೆ? ‘ನಾಲಿಗೆಯ ಚಪಲ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಮೆಲ್ಬರ್ನ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಕಥೆ ಹೇಳುತ್ತದೆ. 50 ಜನರಿಗೆ 10 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಸರಾಸರಿ 13 ಕೆಜಿಗೂ ಹೆಚ್ಚು ಇಳಿಯಿತು. ಒಂದು ವರ್ಷದ ನಂತರ ನೋಡಿದರೆ ಹಸಿವು ಹೆಚ್ಚಿಸುವ ಹಾರ್ಮೋನು ಇನ್ನೂ ಏರಿಯೇ ಇತ್ತು, ತೃಪ್ತಿ ಕೊಡುವ ಹಾರ್ಮೋನು ಕುಗ್ಗಿಯೇ ಇತ್ತು. ದೇಹಕ್ಕೆ ಹಳೆಯ ತೂಕವೇ ತನ್ನ ಆಸ್ತಿ, ಕಳೆದುಕೊಂಡದ್ದನ್ನು ವಾಪಸು ಕೇಳುತ್ತದೆ. ನಮ್ಮ ವೃತ್ತಿಯ ಭಾಷೆಯಲ್ಲಿ ಇದು ಮುಗಿಸಿ ಕೈತೊಳೆದುಕೊಳ್ಳುವ ಪ್ರಾಜೆಕ್ಟ್ ಅಲ್ಲ, ವರ್ಷಗಟ್ಟಲೆಯ ಮೇಂಟೆನೆನ್ಸ್.

ವೈದ್ಯರು ಬೇಕಾಗುವುದು ಇಲ್ಲಿ. ಥೈರಾಯ್ಡ್, ಪಿಸಿಓಎಸ್, ಕೆಲವು ಔಷಧಗಳು ತೂಕ ಏರಿಸುತ್ತವೆ. ಅದನ್ನು ಪತ್ತೆ ಹಚ್ಚುವುದು ಜಿ.ಪಿ. ಕೆಲಸ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಕ್ಲಜೈಡ್ ತೆಗೆದುಕೊಳ್ಳುವವರು ಕೇಳದೆ ಊಟ ಬಿಟ್ಟರೆ ಸಕ್ಕರೆ ಅಂಶ ತಟ್ಟನೆ ಇಳಿದು ತಲೆ ತಿರುಗಿ ಬೀಳಬಹುದು. ಬಿ.ಪಿ. ಮಾತ್ರೆಯ ಪ್ರಮಾಣವನ್ನೂ ತೂಕ ಇಳಿದಂತೆ ಬದಲಿಸಬೇಕಾದೀತು. ತೀರ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ಏಕಾದಶಿ ಉಪವಾಸ ಮಾಡುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು.

ದೀರ್ಘಕಾಲದ ಕಾಯಿಲೆ ಇದ್ದವರಿಗೆ ಜಿ.ಪಿ. ಒಂದು ಯೋಜನೆ ಬರೆದುಕೊಟ್ಟರೆ, ಡಯಟೀಷಿಯನ್ ಮೊದಲಾದವರ ಬಳಿ ವರ್ಷಕ್ಕೆ ಒಟ್ಟು 5 ಭೇಟಿಗಳಿಗೆ ಮೆಡಿಕೇರ್ ನೆರವಿದೆ. (ವಿಸಿಟರ್ ವೀಸಾದಲ್ಲಿ ಬಂದಿರುವ ಅಪ್ಪ-ಅಮ್ಮಂದಿರಿಗೆ ಇದಿಲ್ಲ.) ಡಯಟೀಷಿಯನ್ ಮುಂದೆ ಸಂಕೋಚ ಬೇಡ. ಮುದ್ದೆ, ಅವಲಕ್ಕಿ, ಬಿಸಿಬೇಳೆಬಾತು ಎಂದರೇನೆಂದು ವಿವರಿಸಿ. ಅಡಿಲೇಡಿನ ಸಿಎಸ್‌ಐಆರ್‌ಓ ವಿಜ್ಞಾನಿಗಳು 2005ರಲ್ಲಿ ಪುಸ್ತಕವಾಗಿ ತಂದ ಪ್ರಸಿದ್ಧ ಆಹಾರ ಪದ್ಧತಿಯಲ್ಲಿ ಪ್ರೋಟೀನು ಹೆಚ್ಚು, ಆದರೆ ಮಾಂಸಕ್ಕೇ ದೊಡ್ಡ ಜಾಗ. ಸಸ್ಯಾಹಾರಿಗಳು ಬೇಳೆ, ಹೆಸರುಕಾಳಿನ ಕೋಸಂಬರಿ, ಮೊಸರು, ತೋಫುಗಳಲ್ಲಿ ಅದನ್ನು ತುಂಬಿಕೊಳ್ಳಬೇಕು. ಸಾರಿನಲ್ಲಿ ಬೇಳೆ ಹುಡುಕುವಂತಿದ್ದರೆ ಸಾಲದು!

ಗುರಿ ದೊಡ್ಡದಿರಬೇಕಿಲ್ಲ. ಡಯಾಬಿಟಿಸ್ ಅಂಚಿನಲ್ಲಿದ್ದವರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಗುರಿಯಿದ್ದದ್ದು ಶೇ. 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಡಯಾಬಿಟಿಸ್ ಬರುವುದು ಶೇ. 58ರಷ್ಟು ಕಡಿಮೆಯಾಯಿತು. 80 ಕೆಜಿಯವರಿಗೆ ಅದು ಐದೂವರೆ ಕೆಜಿ ಚಿಲ್ಲರೆ. ನಡೆಯಲು ನಮಗೇನು ಕೊರತೆ? ಪರ್ತ್‌ನವರಿಗೆ ಕಿಂಗ್ಸ್ ಪಾರ್ಕ್, ಬ್ರಿಸ್ಬೇನಿನವರಿಗೆ ಮೌಂಟ್ ಕೂಟ್-ತಾ, ಅಡಿಲೇಡಿನವರಿಗೆ ಟೊರೆನ್ಸ್ ನದಿಯ ದಂಡೆ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೊರಡಿ.

ಈಗ ಎಲ್ಲರೂ ಕೇಳುವ ಇಂಜೆಕ್ಷನ್ ವಿಷಯ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ವೆಗೊವಿ ಆಸ್ಟ್ರೇಲಿಯಾಕ್ಕೆ 2024ರ ಆಗಸ್ಟ್‌ನಲ್ಲಿ ಬಂತು. ಇದು ಕೆಲಸ ಮಾಡುವ ಔಷಧವೇ, ಅನುಮಾನವಿಲ್ಲ. ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. ಆದರೆ ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದದ್ದರ ಮೂರನೇ ಎರಡು ಭಾಗ ಹಿಂತಿರುಗಿತು ಎಂದು 2022ರ ವರದಿ. ಶುರು ಮಾಡುವ ಮೊದಲೇ ‘ಎಷ್ಟು ಕಾಲ, ಎಷ್ಟು ಖರ್ಚು, ಆಮೇಲೇನು’ ಎಂದು ವೈದ್ಯರನ್ನು ಕೇಳಿಬಿಡಿ. ಫಾರ್ಮಸಿಗಳು ಇದರ ನಕಲು ತಯಾರಿಸುವುದನ್ನು ಸರ್ಕಾರ 2024ರ ಅಕ್ಟೋಬರ್‌ನಿಂದ ನಿಷೇಧಿಸಿದೆ. ಸ್ನೇಹಿತರ ಸ್ನೇಹಿತರಿಂದ ತರಿಸುವುದಂತೂ ಬೇಡವೇ ಬೇಡ.

ತೂಕ ಇಳಿದ ಮೇಲೂ ಭೇಟಿ ನಿಲ್ಲಿಸದಿರುವುದೇ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡಿ. ಎರಡು ಕೆಜಿ ಏರಿದಾಗಲೇ ವೈದ್ಯರಿಗೆ ತಿಳಿಸಿದರೆ ಸರಿಪಡಿಸುವುದು ಸುಲಭ, ಹತ್ತು ಏರಿದ ಮೇಲೆ ಕಷ್ಟ.

ಮೊದಲ ಭೇಟಿಗೆ ಲಾಂಗ್ ಅಪಾಯಿಂಟ್‌ಮೆಂಟ್ ಕೇಳಿ. ಮಾತ್ರೆಗಳ ಪಟ್ಟಿ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹೃದಯದ ತೊಂದರೆ ಎಂಬ ವಿವರ ತೆಗೆದುಕೊಂಡು ಹೋಗಿ. ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಳ್ಳಿ, ಸಂಜೆ ಕಾಫಿಯ ಜೊತೆಗಿನ ಚಕ್ಕುಲಿಯನ್ನೂ ಬಿಡದೆ.