ಒಪ್ಪಿಗೆ ಮೊದಲು, ‘ಒಪ್ಪು’ ಆಮೇಲೆ: ಆಸ್ಪತ್ರೆಯಲ್ಲಿ ರೋಗಿಯ ಭಾಷೆ, ರೋಗಿಯ ಹಕ್ಕು

ವೈದ್ಯನನ್ನು ನಾರಾಯಣನಿಗೆ ಸಮನೆಂದು ಎಣಿಸಿ ಬಂದ ಸಂಪ್ರದಾಯ ನಮ್ಮದು. ಆ ಗೌರವ ಉಚಿತವಾದುದೇ. ಆದರೆ ದೈವದ ಎದುರು ನಿಂತು ಅರಿಕೆ ಮಾಡಿಕೊಂಡು, ನುಡಿ ಕೇಳಿ, ಸಂಶಯ ಪರಿಹರಿಸಿಕೊಂಡು ಬರುವ ನಮ್ಮ ಜನ ವೈದ್ಯರ ಎದುರು ಮಾತ್ರ ಬಾಯಿ ಬಿಡುವುದಿಲ್ಲ. ಶಸ್ತ್ರಚಿಕಿತ್ಸೆಯ ಮುನ್ನಾದಿನ ಅಚ್ಚಾದ ಕಾಗದವೊಂದನ್ನು ಮುಂದಿಟ್ಟು ರುಜು ಹಾಕಿ ಎಂದರೆ ಹಾಕುತ್ತಾರೆ. ಹೆಬ್ಬೆಟ್ಟು ಒತ್ತಿ ಎಂದರೆ ಒತ್ತುತ್ತಾರೆ. ಕಾಗದ ಹೆಚ್ಚಾಗಿ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಇರುತ್ತದೆ. ಅದರಲ್ಲಿ ಏನಿದೆಯೆಂದು ಕೇಳುವವರು ಕಡಿಮೆ, ಬಿಡಿಸಿ ಹೇಳುವವರು ಇನ್ನೂ ಕಡಿಮೆ.

ಮಲೆಯಾಳದಲ್ಲಿ ‘ಒಪ್ಪು’ ಎಂದರೆ ರುಜು. ಕನ್ನಡದಲ್ಲಿ ಒಪ್ಪು ಎಂದರೆ ಸಮ್ಮತಿಸು. ಗಡಿನಾಡಿನವರಾದ ನಾವು ಎರಡನ್ನೂ ದಿನನಿತ್ಯ ಕೇಳುತ್ತೇವೆ. ಆಸ್ಪತ್ರೆಯ ಕಾಗದದ ಮೇಲೆ ಬೀಳುವುದು ಮೊದಲನೆಯದು. ಕಾನೂನು ಕೇಳುವುದು ಎರಡನೆಯದನ್ನು. ವಿಷಯ ತಿಳಿಯದೆ ಹಾಕಿದ ರುಜು ನಿಜವಾದ ಸಮ್ಮತಿಯಾಗುವುದಿಲ್ಲ. ಇದು ರೋಗಿಗಳು ಮಾತ್ರವಲ್ಲ, ದಾದಿಯರಾಗಿ, ಆಶಾ ಕಾರ್ಯಕರ್ತೆಯರಾಗಿ, ಲ್ಯಾಬು-ಔಷಧಾಲಯಗಳಲ್ಲಿ ದುಡಿಯುವವರಾಗಿ ಇರುವ ನಮ್ಮ ಮನೆಗಳ ಮಕ್ಕಳೂ ತಿಳಿದಿರಬೇಕಾದ ಸಂಗತಿ.

ಸುಪ್ರೀಂ ಕೋರ್ಟು ಹೇಳಿದ್ದು

1995ರ ಮೇ ತಿಂಗಳಲ್ಲಿ ದೆಹಲಿಯ 44 ವರ್ಷ ಪ್ರಾಯದ ಅವಿವಾಹಿತ ಮಹಿಳೆಯೊಬ್ಬರು ಹೆಚ್ಚಿನ ರಕ್ತಸ್ರಾವದ ತೊಂದರೆಗಾಗಿ ವೈದ್ಯರನ್ನು ಕಂಡರು. ಕಾರಣವೇನೆಂದು ತಿಳಿಯಲು ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ ನಿಶ್ಚಯವಾಯಿತು. ಅರಿವಳಿಕೆಯಲ್ಲಿ ಅವರು ಮಲಗಿದ್ದಾಗ, ಅವರ ತಾಯಿಯ ಒಪ್ಪಿಗೆ ಪಡೆದು, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

2008ರ ಜನವರಿ 16ರ ತೀರ್ಪು ಸ್ಪಷ್ಟವಾಗಿತ್ತು. ಪ್ರಾಣಕ್ಕೆ ಆ ಕ್ಷಣದ ಅಪಾಯವಿರಲಿಲ್ಲ. ರೋಗಿಗೆ ಎಚ್ಚರವಾಗುವವರೆಗೆ ಕಾಯಬಹುದಿತ್ತು. ಪ್ರಾಯ ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಪರವಾಗಿ ತಾಯಿ ಒಪ್ಪಿಗೆ ಕೊಡುವಂತಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯೂ ಅಲ್ಲ. ವೈದ್ಯರು ಸದುದ್ದೇಶದಿಂದಲೇ ನಡೆದರೆಂದು ನ್ಯಾಯಾಲಯ ಒಪ್ಪಿತು. ಆದರೂ ಅವರಿಗೆ ಶುಲ್ಕ ಸಲ್ಲದೆಂದೂ, 25,000 ರೂಪಾಯಿ ಪರಿಹಾರ ಕೊಡಬೇಕೆಂದೂ ವಿಧಿಸಿತು. ಸದುದ್ದೇಶ ಒಪ್ಪಿಗೆಯ ಸ್ಥಾನದಲ್ಲಿ ನಿಲ್ಲಲಾರದು ಎಂಬುದೇ ಇದರ ಸಾರ.

ರೋಗಿಗೆ ಏನೇನು ಹೇಳಬೇಕು ಎಂಬುದನ್ನೂ ಅದೇ ತೀರ್ಪು ಎಣಿಸಿ ಹೇಳಿತು. ಚಿಕಿತ್ಸೆ ಯಾವುದು, ಅದರ ಕ್ರಮ, ಉದ್ದೇಶ, ಪ್ರಯೋಜನಗಳೇನು, ಬೇರೆ ದಾರಿ ಇದೆಯೇ, ಮುಖ್ಯವಾದ ಅಪಾಯಗಳೇನು, ಚಿಕಿತ್ಸೆ ಬೇಡವೆಂದರೆ ಏನಾದೀತು. ಸಾವಿರದಲ್ಲೊಬ್ಬರಿಗೆ ಬರುವ ದೂರದ ಅಪಾಯಗಳನ್ನೆಲ್ಲ ಹೇಳಿ ಹೆದರಿಸಬೇಕಾಗಿಲ್ಲ. ಆದರೆ ಈ ನಾಲ್ಕು ಮಾತು ತಪ್ಪಬಾರದು.

ತಿಳಿಯುವ ಭಾಷೆಯಲ್ಲಿ

ಹೇಳಿದರೆ ಸಾಲದು, ತಿಳಿಯುವ ಭಾಷೆಯಲ್ಲಿ ಹೇಳಬೇಕು. ಇದು ಭಾಷಾಭಿಮಾನಿಗಳ ಬೇಡಿಕೆ ಮಾತ್ರವೆಂದು ಯಾರೂ ತಳ್ಳಿಹಾಕುವಂತಿಲ್ಲ. ದೇಶದ ಕಾನೂನುಗಳಲ್ಲೇ ಅದು ಬರೆದಿದೆ.

ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾನೂನಿನ 5ನೆಯ ಕಲಮನ್ನು ನೋಡಿ. ಆ ಕಾನೂನಿಗೆ ಒಳಪಟ್ಟ ಗರ್ಭಕಾಲದ ರೋಗನಿರ್ಣಯ ವಿಧಾನಗಳಿಗೆ ಮೊದಲು, ಅವುಗಳ ದುಷ್ಪರಿಣಾಮಗಳನ್ನು ಗರ್ಭಿಣಿಗೆ ವಿವರಿಸಬೇಕು. ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು. ಅದರ ಒಂದು ಪ್ರತಿಯನ್ನು ಆಕೆಗೇ ಕೊಡಬೇಕು. 2017ರ ಮಾನಸಿಕ ಆರೋಗ್ಯ ಕಾನೂನು ಒಪ್ಪಿಗೆಯ ವ್ಯಾಖ್ಯೆಯಲ್ಲೇ ‘ವ್ಯಕ್ತಿಗೆ ಅರ್ಥವಾಗುವ ಭಾಷೆ ಮತ್ತು ರೀತಿ’ ಎಂಬ ಅಂಶವನ್ನು ಸೇರಿಸಿದೆ.

ಮೂರನೆಯದು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯ ವಿಷಯ. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ಒಬ್ಬನೇ ಶಸ್ತ್ರವೈದ್ಯ ಸುಮಾರು ಎರಡು ಗಂಟೆಯಲ್ಲಿ 53 ಮಹಿಳೆಯರ ಶಸ್ತ್ರಚಿಕಿತ್ಸೆ ನಡೆಸಿದ ಘಟನೆ ದೂರಾಗಿ ಸುಪ್ರೀಂ ಕೋರ್ಟಿಗೆ ಬಂತು. 2016ರ ಸೆಪ್ಟೆಂಬರಿನ ತೀರ್ಪಿನಲ್ಲಿ ನ್ಯಾಯಾಲಯ, ಶಸ್ತ್ರಚಿಕಿತ್ಸೆಗೆ ಮೊದಲಿನ ತಪಾಸಣಾ ಪಟ್ಟಿಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದಿತು. ಅಷ್ಟೇ ಅಲ್ಲ, ಮನಸ್ಸು ಬದಲಾಯಿಸಲು ಸುಮಾರು ಒಂದು ಗಂಟೆಯ ಅವಕಾಶವನ್ನೂ ಕೊಡಬೇಕೆಂದಿತು. ಮಂಚದ ಮೇಲೆ ಮಲಗಿಸಿ ರುಜು ಹಾಕಿಸುವ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಮಾತು ಅಡ್ಡವಾದರೆ

ಕಾನೂನಿನ ಮಾತು ಹಾಗಿರಲಿ. ಇನ್ನು ಔಷಧಿಯ ಚೀಟಿಯ ಮಾತು. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬರುವ ವೈದ್ಯರಿಗೂ ದಾದಿಯರಿಗೂ ಕನ್ನಡ-ತುಳು ಬಾರದಿರುವುದು ಅವರ ಅಪರಾಧವಲ್ಲ. ಆದರೆ ಎರಡೂ ಕಡೆಯವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ನಮ್ಮ ಭಾಷೆಗಳು ಅಕ್ಕತಂಗಿಯರಾದುದರಿಂದಲೇ ಮೋಸವೂ ಹೆಚ್ಚು.

ಮಲೆಯಾಳದಲ್ಲಿ ‘ಮುಟ್ಟುವೇದನ’ ಎಂದರೆ ಮೊಣಕಾಲಿನ ನೋವು. ನಮ್ಮ ಹೆಣ್ಣುಮಗಳು ‘ಮುಟ್ಟಿನ ನೋವು’ ಎಂದರೆ ಅದು ತಿಂಗಳ ಹೊಟ್ಟೆನೋವು. ಮಲೆಯಾಳದ ‘ನೆಂಜು’ ಎಂದರೆ ಎದೆ; ಗಾಯ ‘ನಂಜಾಗಿದೆ’ ಎಂದು ನಾವು ಹೇಳುವುದು ಕೀವು ತುಂಬಿದ್ದಕ್ಕೆ. ಮಲೆಯಾಳದ ‘ಪನಿ’ ಜ್ವರ. ತುಳುವಿನ ಪನಿ ಮಳೆಯ ಹನಿ. ಗುಂಪು ನಿಬಿಡವಾಗಿರುವ ಹೊರರೋಗಿ ವಿಭಾಗದಲ್ಲಿ ಒಂದು ಪದ ತಪ್ಪಿ ಕಿವಿಗೆ ಬಿದ್ದರೆ ಪರೀಕ್ಷೆ ಒಂದು ಕಡೆ, ರೋಗ ಇನ್ನೊಂದು ಕಡೆ ಆದೀತು. ಆದುದರಿಂದ ಪದವನ್ನು ನೆಚ್ಚದೆ ಜಾಗವನ್ನು ಕೈಯಿಂದ ಮುಟ್ಟಿ ತೋರಿಸುವುದು, ಎಷ್ಟು ದಿನವಾಯಿತೆಂದು ಬೆರಳೆಣಿಸಿ ಹೇಳುವುದು ಒಳ್ಳೆಯದು.

ಆರೋಗ್ಯ ಕಾರ್ಯಕರ್ತರಿಗೂ ಒಂದು ಸುಲಭ ಉಪಾಯವಿದೆ. “ಗೊತ್ತಾಯಿತಾ?” ಎಂದು ಕೇಳಿದರೆ ನಮ್ಮವರು ದಾಕ್ಷಿಣ್ಯಕ್ಕೆ ತಲೆಯಾಡಿಸುತ್ತಾರೆ. ಅದರ ಬದಲು “ಈ ಮಾತ್ರೆಯನ್ನು ಮನೆಯಲ್ಲಿ ಹೇಗೆ ತಕ್ಕೊಳ್ತೀರಿ, ಒಮ್ಮೆ ಹೇಳಿ ಅಮ್ಮ” ಎಂದು ಕೇಳಬೇಕು. ರೋಗಿಯೇ ತಿರುಗಿ ಹೇಳಿದಾಗ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಹೊರಬೀಳುತ್ತದೆ.

ರೋಗಿಯ ಮಾತಿಗೆ ಕಿವಿಗೊಟ್ಟರೆ ಏನಾಗಬಹುದೆಂಬುದಕ್ಕೆ ಹೊರಗಿನ ನಿದರ್ಶನ ಬೇಡ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಪರಿಸರದಲ್ಲಿ ಒಂದೇ ಬಗೆಯ ವಿಚಿತ್ರ ರೋಗಗಳು ಮನೆಮನೆಯಲ್ಲಿ ಕಾಣುತ್ತಿವೆಯೆಂದು ಮೊದಲು ಗಮನಿಸಿದವರು ವಾಣೀನಗರದ ಡಾ. ವೈ. ಎಸ್. ಮೋಹನ ಕುಮಾರ್. ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನ ಕಥೆ ಜಗತ್ತಿಗೆ ತಿಳಿದದ್ದು ಅಲ್ಲಿಂದ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆಯಿತು. ದೊಡ್ಡ ಯಂತ್ರಗಳಿಲ್ಲದ ಹಳ್ಳಿಯ ವೈದ್ಯರೊಬ್ಬರು ರೋಗಿಗಳ ಮಾತು ಕೇಳಿ, ಯೋಚಿಸಿ, ಬರೆದುದರ ಫಲವಿದು.

ದುಭಾಷಿ ಯಾರು? ಗುಟ್ಟು ಯಾರದು?

ಭಾಷೆ ಬಾರದಲ್ಲಿ ಪಕ್ಕದ ಮಂಚದವರನ್ನೋ, ಶಾಲೆಗೆ ಹೋಗುವ ಮಗುವನ್ನೋ ಕರೆದು ಮಾತು ದಾಟಿಸುವುದು ವಾಡಿಕೆ. ಜ್ವರ, ನೆಗಡಿಗೆ ಅದು ನಡೆದೀತು. ಸೊಸೆಯ ಗರ್ಭದ ವಿಚಾರವನ್ನು ಅತ್ತೆಯ ಮೂಲಕ, ತಾಯಿಯ ಗರ್ಭಕೋಶದ ತೊಂದರೆಯನ್ನು ಹತ್ತು ವರ್ಷದ ಮಗನ ಮೂಲಕ ಕೇಳುವುದು ತರವಲ್ಲ. ಹೇಳಬೇಕಾದವಳು ಅರ್ಧ ಹೇಳುತ್ತಾಳೆ, ದಾಟಿಸುವವರು ಅದರ ಅರ್ಧ. ಕನ್ನಡ ಬಲ್ಲ ದಾದಿಯನ್ನೋ ಸಿಬ್ಬಂದಿಯನ್ನೋ ಕರೆಸಿಕೊಳ್ಳುವುದೇ ಸರಿ. ಹಾಗೆ ಕರೆಸಿಕೊಂಡವರು ಕೇಳಿದ್ದನ್ನು ಕೂಡಿಸದೆ ಕಳೆಯದೆ ದಾಟಿಸಬೇಕು, ಕೇಳಿದ್ದನ್ನು ಅಲ್ಲಿಯೇ ಮರೆಯಬೇಕು.

ನಮ್ಮ ಊರು ಸಣ್ಣದು, ನೆಂಟಸ್ತನ ದೊಡ್ಡದು. ಲ್ಯಾಬಿನಲ್ಲಿ ಕಂಡ ಒಂದು ವರದಿ ಬಸ್ಸು ನಿಲ್ದಾಣದಲ್ಲಿ ಮಾತಾದರೆ ಒಂದು ಹೆಣ್ಣಿನ ಸಂಬಂಧ ಮುರಿದೀತು, ಒಬ್ಬನ ಕೆಲಸ ಹೋದೀತು. ಈಗ ಬಾಯಿಯೂ ಬೇಡ, ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಸಾಕು. ಎಚ್‌ಐವಿ ಸೋಂಕಿನ ವಿಚಾರದಲ್ಲಂತೂ, ಕೆಲವೇ ಸಂದರ್ಭಗಳ ಹೊರತು, ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾನೂನು ನಿಷೇಧಿಸಿದೆ. ರೋಗಿಯ ಗುಟ್ಟು ರೋಗಿಯದು. ಅದನ್ನು ಕಾಯುವವರು ಮಾತ್ರ ಸಿಬ್ಬಂದಿ.

ತುರ್ತಿನ ಹೊತ್ತು

ಹಾಗೆಂದು ಪ್ರಜ್ಞೆ ತಪ್ಪಿದವನ ಒಪ್ಪಿಗೆಗಾಗಿ ಕಾದು ಕುಳಿತುಕೊಳ್ಳಬೇಕೆಂದು ಯಾರೂ ಹೇಳಿಲ್ಲ. ಪ್ರಾಣ ಉಳಿಸಲು ತಡಮಾಡುವಂತಿಲ್ಲದಿದ್ದರೆ ಒಪ್ಪಿಗೆಗೆ ಕಾಯದೆ ಚಿಕಿತ್ಸೆ ಮಾಡಬಹುದು. ಸರಕಾರಿಯಾಗಲಿ ಖಾಸಗಿಯಾಗಲಿ, ಪೊಲೀಸರ ಕಾಗದಪತ್ರಕ್ಕೆ ಕಾಯದೆ ಗಾಯಾಳುವಿನ ಪ್ರಾಣ ಉಳಿಸುವುದು ವೈದ್ಯರ ಕರ್ತವ್ಯವೆಂದು 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ನಾವು ಮಾಡಬೇಕಾದ್ದು

ಕನ್ನಡ ಬಲ್ಲವರು ಬೇಕಾದರೆ ಮಂಗಳೂರಿಗೆ ಹೋಗಿ ಎಂಬ ಉತ್ತರ ಹಳೆಯದು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದಾಗ ಆ ಉತ್ತರ ಎಷ್ಟು ಟೊಳ್ಳೆಂದು ಈ ಜಿಲ್ಲೆ ಕಣ್ಣಾರೆ ಕಂಡಿತು. ಇಲ್ಲಿಯ ಆಸ್ಪತ್ರೆಗಳಲ್ಲೇ ಇಲ್ಲಿಯ ಜನರ ಮಾತು ನಡೆಯಬೇಕು.

ಅದಕ್ಕೆ ಮೊದಲ ಹೆಜ್ಜೆ ನಮ್ಮದೇ. ರುಜು ಹಾಕುವ ಮೊದಲು ಕಾಗದವನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಏನು ಮಾಡುತ್ತೀರಿ, ಯಾಕೆ, ಬೇರೆ ದಾರಿ ಇದೆಯೇ, ಬೇಡವೆಂದರೆ ಏನಾದೀತು ಎಂಬ ನಾಲ್ಕು ಪ್ರಶ್ನೆ ವಿನಯದಿಂದಲೇ ಕೇಳಿ. ಖಾಲಿ ಬಿಟ್ಟ ಫಾರ್ಮಿಗೆ ಹೆಬ್ಬೆಟ್ಟು ಒತ್ತಬೇಡಿ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ಮೇಲಿನ 2002ರ ವೃತ್ತಿನಿಯಮ ಹೇಳುತ್ತದೆ. ಕೇಳಿ ಪಡೆದು ಜೋಪಾನವಾಗಿಡಿ. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂಬುದು 1995ರಿಂದ ಸ್ಥಿರವಾದ ಸಂಗತಿ.

ದೂರು ಬರೆಯಲು ಮಲೆಯಾಳ ಬಾರದೆಂದು ಹಿಂಜರಿಯಬೇಕಾಗಿಲ್ಲ. ಕುಂದುಕೊರತೆಗಳ ಪರಿಹಾರಕ್ಕಾಗಿ ಕೇಂದ್ರ ಅಥವಾ ರಾಜ್ಯದ ಯಾವ ಅಧಿಕಾರಿಗೂ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಪಂಚಾಯತು ಸದಸ್ಯರೂ ಆಸ್ಪತ್ರೆಗಳ ಅಭಿವೃದ್ಧಿ ಸಮಿತಿಗಳಲ್ಲಿರುವವರೂ ಈ ವಿಷಯವನ್ನು ಎತ್ತಿಕೊಳ್ಳಬೇಕು. ಮುಖ್ಯವಾದ ಒಪ್ಪಿಗೆ ಪತ್ರಗಳನ್ನು ಕನ್ನಡದಲ್ಲೂ ಅಚ್ಚು ಹಾಕಿಸುವುದು, ಕನ್ನಡ ಬಲ್ಲ ಸಿಬ್ಬಂದಿಯ ಹೆಸರನ್ನು ಹೊರರೋಗಿ ವಿಭಾಗದ ಗೋಡೆಯ ಮೇಲೆ ಬರೆಸುವುದು, ಹೊಸದಾಗಿ ಬರುವ ವೈದ್ಯರಿಗೂ ದಾದಿಯರಿಗೂ ರೋಗಲಕ್ಷಣಗಳ ನೂರು ಕನ್ನಡ-ತುಳು ಪದಗಳ ಪಟ್ಟಿ ಕೊಡುವುದು — ಇವು ಯಾವುವೂ ಲಕ್ಷಗಟ್ಟಲೆ ಹಣದ ಕೆಲಸಗಳಲ್ಲ. ನಿವೃತ್ತ ಉಪಾಧ್ಯಾಯರು, ಗ್ರಂಥಾಲಯಗಳು, ಯುವಕ ಮಂಡಲಗಳು ಒಂದು ಆದಿತ್ಯವಾರ ಕುಳಿತರೆ ಆ ಪಟ್ಟಿ ಸಿದ್ಧವಾಗುತ್ತದೆ. ‘ಮುಟ್ಟು’ ಎಂಬ ಪದ ಅದರಲ್ಲಿ ಮೊದಲು ಇರಲಿ.